ಕಾಕಾನ ಪಿಕಪ್ಪಿಗೆ ಜೀಪಿನ ಹೌಸಿಂಗ್

ನಮ್ಮ ಕಾಕಾ ಆಣೆ ಮಾಡಿದ್ದು ಮದುವೆಯೂಟದ ಪಂಕ್ತಿಯಲ್ಲಿ, ಬಾಯಿತುಂಬ ಹೋಳಿಗೆ ಇಟ್ಟುಕೊಂಡು. ಹೀಗಾಗಿ ನುಂಗಿದ ಮೇಲೆ ಅದನ್ನು ಮತ್ತೊಮ್ಮೆ ಹೇಳಬೇಕಾಯಿತು.

"ಬೀಗರ, ಇನ್ನ ಮುಂದ ನಾ ನಿಮ್ಮ ಟ್ರ್ಯಾಕ್ಟರ್ ಕೇಳಿದ್ರ ನನ್ನ ಮೀಸಿ ಬೋಳಸ್ತೇನಿ."

"ಮೊದಲ ಹೋಳಿಗಿ ಮುಗಸ್ರಿ," ಎಂದರು ಪಕ್ಕದ ಎಲೆಯಲ್ಲಿದ್ದ ಬೀಗರು. "ಮೀಸಿಗೆ ತುಪ್ಪ ಹತ್ತೈತಿ."

ಬೀಗರೆಂದರೆ ನಮ್ಮ ಕಾಕುವಿನ ಅಣ್ಣ. ಇಂಡಿಯಿಂದ ಸಾಲೋಟಗಿ ಕಡೆ ಹೋಗುವ ರಸ್ತೆಯಿಂದ ಒಳಗೆ ಹೊರಳಿದರೆ ಕಾಕಾನ ನಿಂಬೆ ತೋಟ, ಅದಕ್ಕೆ ಹತ್ತಿಕೊಂಡೇ ಅವರ ಹೊಲ. ನಡುವಿನ ಬಂಡಿದಾರಿ ಬೇಸಿಗೆಯಲ್ಲಿ ದಾರಿಯಾಗಿರುತ್ತದೆ, ಎರಡು ಮಳೆ ಬಿದ್ದ ಮೇಲೆ ನಾದಿಟ್ಟ ಕರಿ ಹಿಟ್ಟಾಗುತ್ತದೆ. ಕಾಕಾನ ಪಿಕಪ್ಪು ಪ್ರತಿ ಮಳೆಗಾಲವೂ ಅದರಲ್ಲಿ ಹೂತುಕೊಳ್ಳುವುದು, ಬೀಗರು ಟ್ರ್ಯಾಕ್ಟರ್ ತಂದು ಎಳೆಯುವುದು ನಡೆದೇ ಇತ್ತು. ಎಳೆದದ್ದಕ್ಕೆ ಅವರು ಏನನ್ನೂ ಕೇಳುತ್ತಿರಲಿಲ್ಲ. ಹೇಳುತ್ತಿದ್ದರು, ಅಷ್ಟೇ. ಚಹಾದಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಕೊನೆಗೆ ಈ ಪಂಕ್ತಿಯಲ್ಲೂ: "ನಮ್ಮ ಬೀಗರು ಗಾಡಿ ಓಡಸಂಗಿಲ್ರಿ. ನಾಟಿ ಮಾಡ್ತಾರ."

ಹೀಗೆ ಒಂದು ಮೀಸೆ ಪಣಕ್ಕೆ ಬಿತ್ತು. ಅದು ಸಾಮಾನ್ಯ ಮೀಸೆಯಲ್ಲ. ಕಾಕಾ ಅದಕ್ಕೆ ದಿನಾ ಕೊಬ್ಬರಿ ಎಣ್ಣೆ ತೀಡುತ್ತಾನೆ, ತಲೆಗೆ ಹಚ್ಚುವುದು ಮಾತ್ರ ಮರೆಯುತ್ತಾನೆ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಗಂಟೆ ಹೊಡೆಯುವವರೆಗೆ ಮಾತಾಡಬೇಕು, ಎದುರಿನವರು ಆಧಾರವಿಲ್ಲದೆ ಏನೇ ಹೇಳಿದರೂ ಎದ್ದು ನಿಲ್ಲಬೇಕು ಎಂದು ಕಲಿತವಳು. ಇದನ್ನು ಮನೆಯಲ್ಲಿ ಬಿಡುವುದು ಹೇಗೆಂದು ಯಾರೂ ಕಲಿಸಲಿಲ್ಲ. ಕಾಕಾ ನನ್ನನ್ನು ವಕೀಲವ್ವ ಎನ್ನುತ್ತಾನೆ. ಕಾಕು ಏನೂ ಎನ್ನುವುದಿಲ್ಲ, ಮಿಕ್ಸರ್ ಚಾಲೂ ಮಾಡುತ್ತಾಳೆ.

ಮದುವೆಯಿಂದ ಬಂದ ಮರುದಿನವೇ ಕಾಕಾ ತನ್ನ ವಾದ ಮಂಡಿಸಿದ. ಗಾಡಿ ಫೋರ್ ಬೈ ಫೋರ್, ನಾಲ್ಕೂ ಗಾಲಿಗೆ ಓಟ ಇದೆ, ಆದರೂ ಹೂತುಕೊಳ್ಳುತ್ತದೆ. ಯಾಕೆ?

"ಮುಂದಿನ ಎರಡೂ ಗಾಲಿ ಬ್ಯಾರೆ ಬ್ಯಾರೆ ಸಂಸಾರ ಮಾಡ್ತಾವು. ಒಂದ ತೆಗ್ಗಿಗೆ ಬಿದ್ರ ಇನ್ನೊಂದಕ್ಕ ಖಬರ್ ಇರಂಗಿಲ್ಲ. ಹಳೇ ಜೀಪ್ ನೋಡು. ಈ ಗಾಲಿಯಿಂದ ಆ ಗಾಲಿಗೆ ಒಂದ ಗಟ್ಟಿ ಹೌಸಿಂಗ್, ಕಬ್ಬಿಣದ ತೊಲಿ ಇದ್ದಂಗ. ಒಂದ ಕೆಳಗಿಳದ್ರ ಇನ್ನೊಂದ ಮ್ಯಾಲೇಳತೈತಿ. ಕೂಡ ಕುಟುಂಬ ಅಂದ್ರ ಅದು."

"ಕೂಡ ಕುಟುಂಬದಾಗ ಒಬ್ಬ ಎಡವಿದ್ರ ಮನಿ ಮಂದಿಯೆಲ್ಲಾ ಅಲಗಾಡ್ತಾರ ಕಾಕಾ. ಅದಕ್ಕ ಅಲ್ಲೇನು ಬ್ಯಾರೆ ಮಾಡಿದ್ದು?"

ಒಳಗಿನಿಂದ ಮಿಕ್ಸರ್ ಸದ್ದು ಕೇಳಿತು.

ನನ್ನ ವಾದ ಸರಿಯಿತ್ತೋ ಇಲ್ಲವೋ, ಸಾಮಾನು ತರಲು ಕಾಕಾ ನನ್ನನ್ನೇ ಕರೆದುಕೊಂಡು ಹೊರಟ. ಅಂಗಡಿಯವನು ಒಂದು ಹೇಳಿದರೆ ನಾನು ಹತ್ತು ಹೇಳುತ್ತೇನೆಂಬುದು ಅವನ ಲೆಕ್ಕಾಚಾರ. ಹೌಸಿಂಗ್ ಸಿಕ್ಕಿದ್ದು ಬಸವನ ಬಾಗೇವಾಡಿಯ ಒಂದು ಗುಜರಿಯಲ್ಲಿ. ಅದರ ಮೇಲೆ ಕೋಳಿಗಳು ಕೂತಿದ್ದವು.

"ಮಿಲಿಟ್ರಿ ಜೀಪಿಂದ್ರಿ ಇದು," ಎಂದ ಗುಜರಿಯವನು.

"ಆಧಾರ?"

"ಬಣ್ಣಾ ನೋಡ್ರಲ್ಲ, ಹಸರ."

ಉಗುರಿನಿಂದ ಕೆರೆದೆ. ಹಸಿರು ಕೈಗೆ ಬಂತು. ಹಾವಸೆ. ನಾನು ಗೆದ್ದೆ ಎಂದುಕೊಂಡೆ. ಆದರೆ ಅಷ್ಟರಲ್ಲಿ ಕಾಕಾ ಕೋಳಿಗಳನ್ನು ಓಡಿಸಿ ಹೌಸಿಂಗನ್ನು ಅಪ್ಪಿಕೊಂಡು ನಿಂತಿದ್ದ. ಹಾಗೆ ಅಪ್ಪಿಕೊಂಡ ಮೇಲೆ ಚೌಕಾಸಿ ಮಾಡಲು ಏನುಳಿಯುತ್ತದೆ?

ಅದರ ಮೇಲೆ ಕೂರಿಸುವ ಪಾಟಾ, ಅಂದರೆ ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು, ಮುದ್ದೇಬಿಹಾಳದಲ್ಲಿ ಮಾಡಿಸಿದೆವು. ಕಾಯಿಸಿದ ಪಟ್ಟಿಯನ್ನು ಬಡಿದು ಬಾಗಿಸುವಾತ ಕಟ್ಟು ಮುಗಿಸಿ ಬೋಲ್ಟ್ ಹಾಕಲು ಹೋದಾಗೆಲ್ಲ ಕಾಕಾ, ಬೀಗರಿಗೆ ಬಡಿಸುವವನ ಹಾಗೆ, "ಇನ್ನೊಂದ್ ಹಾಕ್ರಿ, ಇನ್ನೊಂದ್ ಹಾಕ್ರಿ" ಎನ್ನುತ್ತಿದ್ದ.

"ಸಾವಕಾರ್ರ, ಗಾಡ್ಯಾಗ ಏನ್ ಕಲ್ಲ ಹೇರತೀರೇನು?"

"ಲಿಂಬಿಹಣ್ಣ."

ಆತ ಸುತ್ತಿಗೆ ಕೆಳಗಿಟ್ಟು ಹಣೆಯ ಬೆವರು ಒರೆಸಿಕೊಂಡ. ಆಮೇಲೆ ಇನ್ನೊಂದು ಪಟ್ಟಿ ಹಾಕಿದ.

ಕೂಡಿಸುವ ಕೆಲಸ ಸಿಂದಗಿಯಲ್ಲಿ. ಅಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಮಿಸ್ತ್ರಿ ಕಾಕಾನ ಸಾಲಿ ಗೆಳೆಯ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಗಣಿತದಲ್ಲಿ ಒಟ್ಟಿಗೆ ನಪಾಸಾದವರು. ಆ ನಂಟು ಗಟ್ಟಿಯದು. ಹಳೆಯ ಮುಂಭಾಗವನ್ನು ಗ್ಯಾಸಿನಲ್ಲಿ ಕತ್ತರಿಸಿ ತೆಗೆದ ಮೇಲೆ ಒಂದು ತೊಡಕು ಬಂತು. ಹೌಸಿಂಗಿಗೆ ಒಂದು ಹೊಟ್ಟೆ ಇರುತ್ತದೆ, ಗಾಲಿಗಳನ್ನು ತಿರುಗಿಸುವ ಹಲ್ಲಿನ ಚಕ್ರ ಅದರೊಳಗೆ. ನಮ್ಮ ಹೌಸಿಂಗಿನ ಹೊಟ್ಟೆ ಬಲಕ್ಕೆ ಇತ್ತು. ಗಾಡಿಯ ಗೇರ್ ಬಾಕ್ಸಿನಿಂದ ಬರುವ ದಂಡ ಎಡಕ್ಕೆ.

"ಬ್ಯಾರೆ ಹೌಸಿಂಗ್ ಹುಡುಕಬೇಕು," ಎಂದ ಮಿಸ್ತ್ರಿ.

"ಯಾಕ? ರೊಟ್ಟಿ ಹೊಳ್ಳಿಸಿದಂಗ ಹೊಳ್ಳಿಸಿಬಿಡು. ಬಲಕ್ಕಿದ್ದದ್ದು ಎಡಕ್ಕ ಬರತೈತಿ."

ಮಿಸ್ತ್ರಿ ಅಂಗೈ ಮಗುಚಿ ನೋಡಿಕೊಂಡ. ಬರುತ್ತದೆ, ನಿಜ. ಅವನಿಗೂ ಬೇಸರವಾಗಿತ್ತು, ಹೊರಗೆ ಎರಡು ಟ್ರೇಲರುಗಳು ಕಾಯುತ್ತಿದ್ದವು. ಹೊಳ್ಳಿಸಿದ. ಗಾಲಿ ಹೊರಳುವ ತುದಿಗಳನ್ನು ಮಾತ್ರ ಬಿಚ್ಚಿ ಮತ್ತೆ ನೆಟ್ಟಗೆ ಕೂರಿಸಿದ.

ಇಷ್ಟು ದೊಡ್ಡ ಪ್ರತಿಪಾದನೆಗೆ ನಾನು ಯಾಕೆ ಆಕ್ಷೇಪವೆತ್ತಲಿಲ್ಲ? ನನಗೆ ಬೇರೆ ಚರ್ಚೆ ಇತ್ತು. ಗಾಡಿ ಹೊರಡುವಾಗ ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕೆಂದು ಕಾಕು ಫೋನಿನಲ್ಲಿ ಹೇಳುತ್ತಿದ್ದಳು. ದಿನವಿಡೀ ನಿಂಬೆಹಣ್ಣು ಹೇರುವ ಗಾಡಿಗೆ ದೃಷ್ಟಿ ತಾಗುವುದಾದರೆ ನಿಂಬೆಗೆ ಯಾವ ಶಕ್ತಿಯೂ ಇಲ್ಲ ಎಂದಾಯಿತಲ್ಲ ಎಂಬುದು ನನ್ನ ಪ್ರಶ್ನೆ. ಉತ್ತರವಾಗಿ ಫೋನಿನಲ್ಲಿ ಮಿಕ್ಸರ್ ಕೇಳಿಸಿತು.

ಮುಗಿದ ಮೇಲೆ ಹಿಂದಿನ ಗಾಲಿಯ ದಂಡ ಬಿಚ್ಚಿಟ್ಟು, ಮುಂಭಾಗಕ್ಕೆ ಜಾಕ್ ಕೊಟ್ಟು, ಮುಂದೆ ಹೋಗುವ ಗೇರು ಹಾಕಿ ನೋಡಿದೆವು. ಮುಂದಿನ ಗಾಲಿಗಳು ಬರ್‍ರನೆ ತಿರುಗಿದವು. "ತಿರಗ್ತಾವಲ್ಲೋ," ಎಂದು ಕಾಕಾ ಮಿಸ್ತ್ರಿಯ ಬೆನ್ನು ತಟ್ಟಿದ. ತಿರುಗುತ್ತವೆ ಎಂಬುದಕ್ಕೆ ಕಣ್ಣಾರೆ ಆಧಾರ ಸಿಕ್ಕಿತು. ಯಾವ ಕಡೆಗೆ ಎಂದು ಯಾರೂ ಕೇಳಲಿಲ್ಲ.

ಗಾಡಿ ಈಗ ಮೂತಿ ಮೇಲೆತ್ತಿದ ಒಂಟೆಯ ಹಾಗಿತ್ತು. ಕಾಕು ಹತ್ತಲು ರೊಟ್ಟಿ ಮಾಡುವ ಮಣೆ ತಂದಳು, ಅದೂ ಸಾಲಲಿಲ್ಲ. "ನಾ ನಡಕೊಂತ ಬರ್ತೇನಿ," ಎಂದು ತೋಟಕ್ಕೆ ಹೋಗಿ ಹಣ್ಣಿನ ಚೀಲಗಳನ್ನು ಕಟ್ಟಿಸಿ ಕಾಯುತ್ತ ಕೂತಳು.

ಅಂದೇ ಗಾಡಿಯ ಪರೀಕ್ಷೆ, ಹಿಂದಿನ ರಾತ್ರಿ ಒಳ್ಳೆ ಮಳೆಯಾಗಿತ್ತು. ಮಿಸ್ತ್ರಿಯೂ ಪಾನಾಗಳ ಚೀಲ ಹಿಡಿದು ಬಂದಿದ್ದ, ನಾನೂ ಅವನೂ ಗಾಡಿಯ ಪಕ್ಕ ನಡೆದೆವು. ಬೀಗರು ತೋಟದ ಬದಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂತಿದ್ದರು, ಹಿಂದೆ ಟ್ರೇಲರ್.

"ಏನ್ರಿ ಬೀಗರ, ಇಲ್ಲೆ?" ಕಾಕಾ ಕಿಟಕಿಯಿಂದ ಕೂಗಿದ.

"ಗಾಳಿ ತುಗೊಳಾಕ ಬಂದೇನ್ರಿ. ನೀವು ಬರ್ರಿ, ಬರ್ರಿ."

ಗಟ್ಟಿ ನೆಲದ ಭಾಗ ದಾಟಿತು. ಕೆಸರಿನ ಶುರುವಿನಲ್ಲಿ ಹಿಂದಿನ ಗಾಲಿಗಳು ಜಾರತೊಡಗಿದವು. ಕಾಕಾ ಮೀಸೆ ತೀಡಿ, ನಾಲ್ಕೂ ಗಾಲಿಯ ಓಟದ ಲಿವರ್ ಎಳೆದು, ಎಕ್ಸಿಲರೇಟರ್ ಒತ್ತಿದ. ಗಾಡಿ ಮುಂದೂ ಹೋಗಲಿಲ್ಲ, ಹಿಂದೂ ಬರಲಿಲ್ಲ. ನಿಂತಲ್ಲೇ ಚಳಿಜ್ವರ ಬಂದವರಂತೆ ನಡುಗಿತು. ಹಿಂದಿನ ಗಾಲಿಗಳು ಕೆಸರನ್ನು ಹಿಂದಕ್ಕೆ ಎರಚಿದವು, ಮುಂದಿನವು ಮುಂದಕ್ಕೆ. ನಡುವೆ ಗಾಡಿ ಸಾವಕಾಶ ಕೆಳಗಿಳಿಯಿತು.

ಬೀಗರು ಟ್ರ್ಯಾಕ್ಟರಿನ ಮೇಲೆ ಎದ್ದು ನಿಂತರು. "ಬೀಗರ, ಬರಾಕತ್ತೀರೋ ಹೊಂಟೀರೋ?"

ಮಿಸ್ತ್ರಿ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಮುಂದಿನ ಗಾಲಿ ನೋಡಿದ, ಹಿಂದಿನ ಗಾಲಿ ನೋಡಿದ, ಮತ್ತೆ ಅಂಗೈ ಮಗುಚಿದ. "ಹೌಸಿಂಗ್ ಹೊಳ್ಳಿಸಿದ್ವಲ್ಲ," ಎಂದ ಮೆಲ್ಲಗೆ, "ಒಳಗಿನ ಹಲ್ಲೂ ಆ ಕಡೆಯಿಂದ ಈ ಕಡೆಗೆ ಬಂದೈತಿ. ಮುಂದಿನ ಗಾಲಿ ಉಲ್ಟಾ ತಿರಗಾಕತ್ತಾವಲೇ."

ಕಾಕಾ ಲಿವರ್ ಬಿಟ್ಟು ಹಿಂದಿನ ಗಾಲಿಗಳಿಂದಷ್ಟೇ ರಿವರ್ಸ್ ಪ್ರಯತ್ನಿಸಿದ. ಅವು ಮಜ್ಜಿಗೆ ಕಡೆದವು, ಅಷ್ಟೇ. ಆಮೇಲೆ ಎಂಜಿನ್ ಬಂದ್ ಮಾಡಿ, ಗಾಜು ಏರಿಸಿ ಕೂತ. ಕೇಳಿಕೊಳ್ಳದೆ ಬೀಗರು ಎಳೆಯುವವರಲ್ಲ. ಕಾಕಾ ಕೇಳುವವನಲ್ಲ. ಕನ್ನಡಿಯಲ್ಲಿ ಅವನು ಮೀಸೆಯನ್ನು ಕೊನೆಯ ಸಲ ಎಂಬಂತೆ ನೋಡಿಕೊಳ್ಳುವುದು ಕಂಡಿತು. ಬಡಪಾಯಿ ಕಾಕಾ, ನನಗೂ ಅದೇಕೋ ವಾದ ಬೇಡವೆನಿಸಿತು, ದಾರಿ ಬೇಕೆನಿಸಿತು.

ಕಾಕುವಿಗೆ ಮಾತ್ರ ಇಂಥ ಸಂಕಟವಿರಲಿಲ್ಲ. "ಅಣ್ಣಾ, ನನ್ನ ಚೀಲ ಹೇರಕೊ. ನಾ ಏನ್ ಆಣಿ ಮಾಡಿಲ್ಲ, ನನಗ ಮೀಸಿನೂ ಇಲ್ಲ." ಚೀಲಗಳೂ ಅವಳೂ ಟ್ರೇಲರ್ ಹತ್ತಿಯಾಯಿತು. ಆದರೆ ಟ್ರ್ಯಾಕ್ಟರ್ ರಸ್ತೆಗೆ ಹೋಗಬೇಕಾದರೆ ದಾರಿಗೆ ಅಡ್ಡ ಈ ಪಿಕಪ್ಪು.

"ಹಾರ್ನ್ ಹೊಡೀಲೇನ್ರಿ?" ಬೀಗರು ವಿನಯದಿಂದ ಕೇಳಿದರು.

ಗಾಲಿಗಳನ್ನೇ ನೋಡುತ್ತಿದ್ದೆ. ಒಂದೇ ವೇದಿಕೆ, ಎರಡು ತಂಡ, ಎರಡಕ್ಕೂ ಒಂದೇ ಹೊತ್ತಿಗೆ ಮೈಕು ಕೊಟ್ಟಿದ್ದೇವೆ. ಒಂದರ ಬಾಯಿ ಮುಚ್ಚಿಸಿದರೆ?

"ಮಿಸ್ತ್ರಿ ಕಾಕಾ, ಹಿಂದಿನ ಗಾಲಿಗೆ ಹೋಗೋ ದಂಡ ಬಿಚ್ಚಿಬಿಡ್ರಿ. ಮುಂದಿನವಷ್ಟ ಓಡ್ಲಿ. ಅವು ಕೆಸರ ಎರಚಿ ಕೆಳಗಿನ ಗಟ್ಟಿ ಗರಸ ಮುಟ್ಟ್ಯಾವು, ಇಂಜಿನ್ ಭಾರಾನೂ ಐತಿ. ಒಂದನೇ ಗೇರ್ ಹಾಕಿದ್ರ ಗಾಡಿ ಹಿಂದಕ್ಕ ಬರತೈತಿ."

ಗಾಜು ಇಳಿಯಿತು. "ಆಧಾರ?" ಎಂದ ಕಾಕಾ.

ಮಿಸ್ತ್ರಿ ಕೆಸರಿನಲ್ಲಿ ಅಂಗಾತ ಮಲಗಿ ಬೋಲ್ಟುಗಳನ್ನು ಬಿಚ್ಚಿದ. ಒಂದು ಕೈಜಾರಿ ಕರಿ ಹಿಟ್ಟಿನೊಳಗೆ ಹೋಯಿತು, ಸಿಗಲೇ ಇಲ್ಲ. ಕಾಕಾ ಒಂದನೇ ಗೇರು ಹಾಕಿದ. ಗಾಡಿ ಒಮ್ಮೆ ನರಳಿ, ಮೈ ಕೊಡವಿ, ಮುಂದೆ ಹೋಗುವ ಗೇರಿನಲ್ಲಿ ಗಂಭೀರವಾಗಿ ಹಿಂದಕ್ಕೆ ಹೊರಟಿತು. ದಂಡ ಮತ್ತೆ ಕೂರಿಸಲು ಬೋಲ್ಟಿಲ್ಲ, ತಿರುಗಿಸಲು ಜಾಗವಿಲ್ಲ, ಎರಡೂ ಬದಿಗೆ ಕೆಸರು. ಹೀಗಾಗಿ ರಸ್ತೆಯವರೆಗೂ ಹಾಗೆಯೇ. ನಾನು ಹಿಂಬದಿಯ ಬಾಗಿಲಹಲಗೆ, ಅಂದರೆ ಫಾಳಕದ ಮೇಲೆ ನಿಂತು ಕಂಡಕ್ಟರನಂತೆ ಕೂಗುತ್ತಿದ್ದೆ: "ಬರ್ಲಿ, ಬರ್ಲಿ, ಎಡಕ್ಕ, ಬರ್ಲಿ." ಗಟ್ಟಿ ನೆಲ ಬಂದ ಮೇಲೆ ಕಾಕಾ ಎರಡನೇ ಗೇರೂ ಹಾಕಿದ. ಆ ವೇಗದಲ್ಲಿ ಹಿಂದಕ್ಕೆ ಹೋಗುವ ಗಾಡಿ ನಮ್ಮ ತಾಲೂಕಿನಲ್ಲಿ ಇನ್ನೊಂದಿಲ್ಲ, ಇದನ್ನು ಯಾರ ಮುಂದೆಯೂ ವಾದಿಸಬಲ್ಲೆ.

ಹಿಂದೆಯೇ ಟ್ರ್ಯಾಕ್ಟರ್ ಬಂತು. ಹಿಂದೆ ಎನ್ನುವುದೂ ತಪ್ಪು. ಪಿಕಪ್ಪು ತೋಟಕ್ಕೆ ಮುಖ ಮಾಡಿತ್ತು, ಟ್ರ್ಯಾಕ್ಟರ್ ರಸ್ತೆಗೆ. ದಾರಿಯುದ್ದಕ್ಕೂ ಕಾಕಾ ಮತ್ತು ಬೀಗರು ಎದುರುಬದುರು, ನಡುವೆ ಒಂದು ಗಾಜು. ಮೊದಲು ಇಬ್ಬರೂ ಬೇರೆ ಕಡೆ ನೋಡಲು ಯತ್ನಿಸಿದರು. ಎಷ್ಟು ಹೊತ್ತು ನೋಡಿಯಾರು? ಕಾಕಾ ಒಂದು ಕೈ ಬಿಟ್ಟು ಮೀಸೆ ತಿರುವಿದ. ಬೀಗರ ಕೆನ್ನೆ ಉಬ್ಬಿತು. ಟ್ರೇಲರಿನಲ್ಲಿ ನಿಂಬೆಚೀಲಗಳ ಮೇಲೆ ಕೂತಿದ್ದ ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ರಸ್ತೆ ಬಂತು. ಬೀಗರು ಇಳಿದು ಬಂದು ಕಿಟಕಿಗೆ ಕೈಯೂರಿ ನಿಂತರು, ಕಣ್ಣಲ್ಲಿ ನೀರು.

"ಬೀಗರ, ನೀವು ಕೇಳಲಿಲ್ಲ, ಒಪ್ಪಿದೆ. ಮೀಸಿ ಇರ್ಲಿ. ಆದ್ರ ಇದನ್ನ ನಾಳೆ ಚಹಾದಂಗಡ್ಯಾಗ ನೀವ ಹೇಳ್ತೀರೋ, ನಾ ಹೇಳ್ಲೋ?"

ಕಾಕಾ ಎಂಜಿನ್ ಬಂದ್ ಮಾಡಿದ. "ಕೂಡೇ ಹೋಗೂಣ್ರಿ. ನೀವು ಮುಂದಿಂದಷ್ಟ ನೋಡೀರಿ. ಹಿಂದಿಂದ ನಾ ಹೇಳ್ತೇನಿ."

ಹಿಂದಿನದು ನೋಡಿದ್ದು ಕಾಕಾ ಅಲ್ಲ, ಫಾಳಕದ ಮೇಲಿದ್ದ ನಾನು ಎಂದು ತಕರಾರು ತೆಗೆದೆ. ಇಬ್ಬರೂ ಅಷ್ಟರಲ್ಲಿ ಚಹಾಕ್ಕೆ ನಾಳೆಯವರೆಗೆ ಯಾಕೆ ಕಾಯಬೇಕು ಎಂದು ರಸ್ತೆ ದಾಟುತ್ತಿದ್ದರು.