ಅವ್ವ ಬರೆದ ಮುಟಗಿ

ಮನೆಯಲ್ಲೆಲ್ಲ ಬಣ್ಣದ ವಾಸನೆ. ಮೊಮ್ಮಗಳು ಕಾಲೇಜಿನ ಮೋರ್ಚಾಕ್ಕೆಂದು ಊಟದ ಮೇಜಿನ ಮೇಲೆ ರಟ್ಟು ಹರಡಿಕೊಂಡು ಬಿಗಿದ ಮುಷ್ಟಿಯೊಂದನ್ನು ಬರೆಯುತ್ತಿದ್ದಾಳೆ. ಇಂಥ ಮುಷ್ಟಿಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಇದರಿಂದ ಏನಾಗ್ತದ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚಿತ್ರದ ವಿಷಯದಲ್ಲಿ ಮಾತಾಡುವ ಅಧಿಕಾರವೂ ನನಗಿಲ್ಲವೆನ್ನಿ; ಶಾಲೆಯಲ್ಲಿ ನಾನು ಬರೆದ ನವಿಲನ್ನು ಕೋಳಿಯೆಂದೇ ಎಲ್ಲರೂ ಮೆಚ್ಚಿಕೊಂಡಿದ್ದರು.

ಕೈಯಲ್ಲಿ ಚಿತ್ರವಿದ್ದದ್ದು ನಮ್ಮ ಅವ್ವನಿಗೆ. ಎಪ್ಪತ್ತರ ದಶಕದ ಮಾತು. ವಿಜಾಪುರದ ಕಡೆಯವರಾದ ನಾವು ಪರೇಲಿನ ಚಾಳಿನ ಒಂದು ಕೋಣೆಯಲ್ಲಿದ್ದೆವು. ಅಪ್ಪನಿಗೆ ಮಿಲ್ಲಿನ ಕೆಲಸ. ಹಬ್ಬ ಬಂದರೆ ಅವ್ವ ಬಾಗಿಲ ಪಕ್ಕದ ಗೋಡೆಗೆ ಕೆಮ್ಮಣ್ಣು ಬಳಿದು ಸುಣ್ಣದಲ್ಲಿ ಎತ್ತು, ಗಿಳಿ ಬರೆಯುತ್ತಿದ್ದಳು. ನೀರಿಗೆ ಹೊರಟ ಮರಾಠಿ ಹೆಂಗಸರೂ ಕೊಡ ಇಳಿಸಿ ನೋಡುತ್ತಿದ್ದರು. ಮಿಲ್ಲಿನಲ್ಲಿ ಮುಷ್ಕರ, ನಮ್ಮವರ ಬಾಯಲ್ಲಿ ಸಂಪ, ಶುರುವಾದಾಗ ಯೂನಿಯನ್ನಿನವರಿಗೆ ಮೆರವಣಿಗೆಯ ಮುಂದೆ ಹಿಡಿಯಲು ದೊಡ್ಡದೊಂದು ಚಿತ್ರ ಬೇಕಾಯಿತು. ಅಪ್ಪ ಹೆಮ್ಮೆಯಿಂದ ಒಪ್ಪಿಕೊಂಡು ಬಂದು, "ಒಂದು ಮುಟಗಿ ತಗಿ," ಅಂದ.

ನಮ್ಮ ಕಡೆ ಮುಟಗಿ ಎಂದರೆ ಮುಷ್ಟಿ. ಬಿಸಿ ಜೋಳದ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿ, ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಹಿಸುಕಿ ಕಟ್ಟುವ ಉಂಡೆಗೂ ಅದೇ ಹೆಸರು. ಅವ್ವ ಎರಡನ್ನೂ ಬರೆದಿಟ್ಟಳು: ಬಳೆ ತೊಟ್ಟ ದೊಡ್ಡ ಕೈ, ಬೆರಳ ಸಂದಿಯಲ್ಲಿ ಇಣುಕುವ ರೊಟ್ಟಿ.

ಅಪ್ಪ ಹಣೆ ಚಚ್ಚಿಕೊಂಡ. "ತಿನ್ನೋ ಮುಟಗಿ ಯಾರು ಕೇಳಿದ್ರು? ಮಂದಿ ನಗ್ತಾರ."

"ನಿಮ್ಮ ಸಂಪ ಎದಕ್ಕ ನಡದೈತಿ? ರೊಟ್ಟಿಗಲ್ಲೇನು? ಇದು ಹಿಂಗ ಇರಲಿ," ಎಂದಳು ಅವ್ವ.

"ಹಿಡಕೊಂಡು ಹೋಗಾಂವ ನಾನು," ಎಂದು ಅಪ್ಪ ತಾನೇ ಬ್ರಶ್ ಎತ್ತಿಕೊಂಡು ರೊಟ್ಟಿಯ ಮೇಲೆ, ಬಳೆಗಳ ಮೇಲೆ ಕೆಂಪು ಬಳಿದ. ಅವ್ವ ತಡೆಯಲಿಲ್ಲ, ಸ್ಟೋವಿನ ಕಡೆ ತಿರುಗಿ ಕೂತಳು. ಅವಳಿಗೆ ಅಷ್ಟು ನೋವಾದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮೆರವಣಿಗೆಯೇನೋ ಜೋರಾಗಿಯೇ ಹೋಯಿತು. ಮುಷ್ಕರ ಮಾತ್ರ ಎಳೆದೂ ಎಳೆದೂ ಕೊನೆಗೆ ಏನೂ ಸಿಗದೆ ಮುಗಿಯಿತು. ಹಬ್ಬಗಳು ಬಂದವು, ಹೋದವು. ಅವ್ವ ಮತ್ತೆ ಗೋಡೆಗೆ ಕೈ ಹಚ್ಚಲಿಲ್ಲ. ಕೇಳಿದರೆ, "ಯಾರಿಗೆ ಬೇಕಾಗೈತಿ ಬಿಡು, ಸಾಕಾಗೇದ," ಎನ್ನುತ್ತಿದ್ದಳು. ಒಂದು ದೀಪಾವಳಿಗೆ ಅಪ್ಪನೇ ಕೆಮ್ಮಣ್ಣು ಕಲಸಿ ಅವಳ ಮುಂದಿಟ್ಟು, "ಅವತ್ತು ನೀ ತಗದದ್ದು ಹಂಗ ಬಿಡಬೇಕಿತ್ತು," ಎಂದ. ಅವ್ವ ಬಟ್ಟಲನ್ನು ನೋಡಿದಳು, ಅವನನ್ನು ನೋಡಿದಳು. "ಕೈ ತೊಳಕೊಂಡು ಬರ್ರಿ, ಉಣ್ಣಾಕ ಹಾಕ್ತೀನಿ," ಎಂದಳು. ಕೆಮ್ಮಣ್ಣು ಅಲ್ಲೇ ಒಣಗಿತು.

ಇಷ್ಟು ನೆನೆಯುವಷ್ಟರಲ್ಲಿ ಮೊಮ್ಮಗಳು ರಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಲಿ ಮೆಟ್ಟಿದ್ದಳು. "ಅಜ್ಜಿ, ಖಾನಾ ಬಾದ್ ಮೇ. ಲೋಕಲ್ ಟ್ರೇನ್ ಮಿಸ್ ಆಗ್ತದೆ."

ಚಿತ್ರದ ಬಗ್ಗೆ ನಾನು ಒಂದಕ್ಷರವೂ ಆಡಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು ಬಾಗಿಲಿಗೆ ಅಡ್ಡ ನಿಂತೆ.

"ಇನ್ನೊಂದು ಲೋಕಲ್ ಬರ್ತದ. ಉಂಡು ಹೋಗು."