ಎಡಗೈಗೆ ಎಟಕುವ ಪ್ಲಗ್ಗು

ಬೆಳಿಗ್ಗೆ ಹಟ್ಟಿ ಗುಡಿಸಿ ದನಕ್ಕೆ ಹುಲ್ಲು ಹಾಕಿದೆ. ಮಿಕ್ಸಿಯ ಜಾರಿಗೆ ಹೊಸ ವಾಷರ್ ಹಾಕಿಸಿದೆ. ಇಸ್ತ್ರಿಗೆ ಕೊಟ್ಟ ಬಟ್ಟೆ ತಂದಿಟ್ಟೆ. ಕುಂಬ್ರದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದ ಕಬ್ಬಿಣದ ರ್ಯಾಕನ್ನು ಪಿಕಪ್ಪಿಗೆ ಹೇರಿಸಿಕೊಂಡು ಪಂಜಕ್ಕೆ, ಅಕ್ಕನ ಮನೆಗೆ ಹೋದೆ.

ಭಾವ ತೀರಿಹೋಗಿ ವರ್ಷ ಕಳೆದಿದೆ. ಅವರಿಗೆ ಹಾಡು, ಯಕ್ಷಗಾನ ಕೇಳುವ ಹುಚ್ಚು. ಆಂಪ್ಲಿಫೈಯರ್ ಮೇಜಿನ ಮೇಲೆ, ಕ್ಯಾಸೆಟ್ ಡೆಕ್ಕು ಕಿಟಕಿಯ ದಂಡೆಯಲ್ಲಿ, ರೇಡಿಯೋ ಕಪಾಟಿನೊಳಗೆ, ಸಿ.ಡಿ. ಪ್ಲೇಯರ್ ಸ್ಟೂಲಿನಲ್ಲಿ. ಒಂದೊಂದಕ್ಕೆ ಒಂದೊಂದು ಪ್ಲಗ್ಗು. ನಮ್ಮ ಕಡೆ ಎಲ್ಲೋ ದೂರದಲ್ಲಿ ಗುಡುಗಿದರೂ ಮೊದಲು ಪ್ಲಗ್ಗು ಕೀಳಬೇಕು, ಇಲ್ಲದಿದ್ದರೆ ಸಿಡಿಲಿಗೆ ಎಲ್ಲಾ ಸುಟ್ಟು ಹೋಗುತ್ತದೆ. ಆ ಕೆಲಸ ಭಾವನದ್ದು. ಉಣ್ಣುವ ಬಾಳೆಲೆಯ ಮುಂದಿನಿಂದಲೂ ಎದ್ದು ಹೋಗುತ್ತಿದ್ದರು.

ಅಕ್ಕನಿಗೆ ಮೊದಲೇ ಸ್ಟ್ರೋಕ್ ಆಗಿ ಬಲಗೈ ಸೋತಿದೆ. ಬಗ್ಗಿದರೆ ತಲೆ ತಿರುಗುತ್ತದೆ. ಅವಳ ಮಗಳು ಕಡಬದಲ್ಲಿ ಕೆಲಸ ಮುಗಿಸಿ ಬರುವಾಗ ಸಂಜೆ. ಗುಡುಗು ಬರುವುದು ಮಧ್ಯಾಹ್ನದ ಮೇಲೆ. ಹಾಗಾಗಿ ಭಾವ ಹೋದ ಮೇಲೆ ಅಕ್ಕ ಎಲ್ಲಾ ಪ್ಲಗ್ಗು ಕೀಳಿಸಿ, ಮೇಲಿನಿಂದ ಪಂಚೆ ಮುಚ್ಚಿಬಿಟ್ಟಳು. ಆ ಮನೆಯ ಮಧ್ಯಾಹ್ನಗಳು ಹಾಗೇ ಸದ್ದಿಲ್ಲದೆ ಕಳೆಯುತ್ತಿದ್ದವು. ಎಲ್ಲವನ್ನೂ ಒಂದೇ ರ್ಯಾಕಿಗೆ ಕೂರಿಸಿದರೆ ಅವಳೇ ಹಾಕಿಕೊಂಡು ಕೇಳಬಹುದು ಎಂದು ನನಗೆ ಕಂಡಿತು.

ಆಂಪ್ಲಿಫೈಯರ್ ಭಾರ, ಅದನ್ನು ಕೆಳಗಿಟ್ಟೆ. ಅದರ ಮೇಲೆ ಗಾಳಿಯಾಡಲು ಒಂದು ಅಂತಸ್ತು ಖಾಲಿ ಬಿಟ್ಟೆ. ಡೆಕ್ಕು ಅವಳು ನಿಂತರೆ ಎದೆಯ ಎತ್ತರಕ್ಕೆ. ವಯರುಗಳನ್ನೆಲ್ಲ ಹಿಂದಿನಿಂದ ಕಟ್ಟಿ ಒಳಗೇ ಒಂದು ಬೋರ್ಡಿಗೆ ಕೊಟ್ಟು, ಹೊರಗೆ ಒಂದೇ ದಪ್ಪ ವಯರು ತಂದೆ. ಮುಂದೆ ಒಂದು ಕೆಂಪು ಸ್ವಿಚ್ಚು.

"ಗುಡುಗಿದರೆ ಇದನ್ನು ಒತ್ತು, ಸಾಕು," ಎಂದೆ.

"ಸ್ವಿಚ್ ಒತ್ತಿದರೆ ಸಿಡಿಲು ವಾಪಸ್ ಹೋಗ್ತದಾ ಮಾರಾಯ? ಪ್ಲಗ್ಗೇ ಕೀಳ್ಬೇಕು. ಅದೆಲ್ಲಿ ಉಂಟು?"

ಪ್ಲಗ್ಗು ಮೊದಲಿನ ಹಾಗೇ ಗೋಡೆಯ ಬುಡದಲ್ಲಿ, ರ್ಯಾಕಿನ ಬಲಕ್ಕೆ ಇತ್ತು. ಅಕ್ಕ ಗೋಡೆ ಹಿಡಿದು ಬಗ್ಗಿ ನೋಡಿದಳು, ಅರ್ಧಕ್ಕೇ ನಿಂತಳು.

"ನಿನ್ನ ಭಾವನ ಕೈಗೆ ಸರಿ ಉಂಟು ಇದು," ಎಂದಳು.

ನಾನು ಸ್ಕ್ರೂಡ್ರೈವರ್ ತೆಗೆದೆ. ಸಾಕೆಟ್ಟನ್ನು ಬಿಚ್ಚಿ ಎಡಕ್ಕೆ, ಅವಳ ಸೊಂಟದ ಎತ್ತರಕ್ಕೆ ತಂದೆ. ಆದರೂ ಪ್ಲಗ್ಗು ಬಿಗಿ, ಎಡಗೈಯ ಬೆರಳು ಜಾರುತ್ತಿತ್ತು. ಹಳೆಯ ಚೀಲದ ಹಿಡಿಕೆಯನ್ನು ಅವಳೇ ಹುಡುಕಿ ತಂದಳು. ಅದನ್ನು ಪ್ಲಗ್ಗಿನ ಮೈಗೆ ಬಿಗಿದು ಬಳೆಯಷ್ಟು ಅಗಲದ ಕುಣಿಕೆ ಮಾಡಿದೆವು. ಅಕ್ಕ ಕೈ ತೂರಿಸಿ ಎಳೆದಳು. ಬಂತು. ಮತ್ತೆ ಹಾಕಿದಳು, ಮತ್ತೆ ಎಳೆದಳು.

"ಎಂತ, ಆಟ ಆಡುದಾ?" ಎಂದೆ.

"ನೀನು ಸುಮ್ಮನೆ ಕೂತ್ಕೊ."

ಚಹಾ ಕುಡಿದ ಮೇಲೆ ಭಾವನ ಒಂದು ಯಕ್ಷಗಾನದ ಕ್ಯಾಸೆಟ್ ಅವಳೇ ಹಾಕಿದಳು. ಮೊದಲು ಬರೀ ಸರಸರ ಸದ್ದು, ಆಮೇಲೆ ಭಾಗವತರ ಸ್ವರ. ಅಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಒರಗಲಿಲ್ಲ. ಚೆಂಡೆ ಏರುತ್ತಾ ಹೋಯಿತು. ಅದರೊಳಗೆ ಇನ್ನೊಂದು ಸದ್ದು ಉರುಳಿತು. ನಾನು ಅದೂ ಚೆಂಡೆಯೇ ಅಂದುಕೊಂಡೆ.

ಅಕ್ಕ ಎದ್ದಾಗಿತ್ತು.

ಅಭ್ಯಾಸಬಲದಿಂದ ನಾನೂ ಎದ್ದೆ, ಅವಳ ಮುಖ ನೋಡಿ ಮತ್ತೆ ಕೂತೆ. ಅವಸರವಿಲ್ಲದೆ ಹೋದಳು. ಕುಣಿಕೆಗೆ ಕೈ ಹಾಕಿ ಎಳೆದಳು. ಪದ್ಯ ಅರ್ಧದಲ್ಲಿ ನಿಂತಿತು. ಹೊರಗೆ ಈ ಸಲ ಸರಿಯಾಗಿಯೇ ಗುಡುಗಿತು.

"ಉಳಿದದ್ದು ನಾಳೆ ಕೇಳುದು," ಎಂದು ಬಂದು ಕುರ್ಚಿಯಲ್ಲಿ ಒರಗಿದಳು.

ಕತ್ತಲಾಗುವಾಗ ಮಗಳು ನೆನೆದುಕೊಂಡು ಬಂದಳು. ಒಳಗೆ ಬಂದವಳೇ ರ್ಯಾಕ್ ನೋಡಿದಳು, ಕುಣಿಕೆ ಸಮೇತ ನೇತಾಡುತ್ತಿದ್ದ ಪ್ಲಗ್ಗು ನೋಡಿದಳು. "ಮಾವ, ನೀವು ತೆಗೆದದ್ದಾ?" ಎಂದು ಕೇಳಿದಳು.

"ನಾನಲ್ಲ," ಎಂದೆ.

ರಾತ್ರಿಗೆ ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ, ಮಿಡಿ ಉಪ್ಪಿನಕಾಯಿ. ಭಾವ ಹೋದಂದಿನಿಂದ ಅಕ್ಕ ಎಲ್ಲರಿಗಿಂತ ಕೊನೆಗೆ ಮಲಗುವವಳು, ಮನೆಯ ಸ್ವಿಚ್ಚುಗಳನ್ನೆಲ್ಲ ಇನ್ನೊಮ್ಮೆ ನೋಡಿ ಬಂದು. ಈ ದಿನ ನಾವು ಬಟ್ಟಲು ತೊಳೆದು ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.