ಹನುಮನ ಹಗ್ಗ ಯಾರ ಕೈಯಲ್ಲಿತ್ತು?

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎನ್ನಬೇಡಿ. ಮಗನ ಟೈಮ್ ಗುರುತು ಹಾಕಿಕೊಳ್ಳಲು ಆಗತಾನೇ ಕೈಗಡಿಯಾರ ನೋಡಿದ್ದೆ. ಮುನಿಯಪ್ಪ ಬಾವಿಕಟ್ಟೆಯಿಂದ, ನನ್ನ ಪಕ್ಕದಿಂದ, ಎದ್ದು ಹೋದದ್ದು ಆಗಲೇ. ಎಲ್ಲ ಕೆಡಲು ಶುರುವಾದದ್ದೂ ಆಗಲೇ.

ನಮ್ಮ ದಾಸರಹಳ್ಳಿಯಲ್ಲಿ ವರ್ಷಕ್ಕೊಮ್ಮೆ ಹುಡುಗರಿಗೆ ಈಜಿನ ಪಂದ್ಯ. ಈಜುಕೊಳ ಎಲ್ಲಿಂದ ತರೋಣ? ಊರಾಚೆಯ ತೋಟದ ದೊಡ್ಡ ಬಾವಿಯೇ ಗತಿ. ಇಬ್ಬಿಬ್ಬರು ಹುಡುಗರು ಈ ಗೋಡೆಯಿಂದ ಆ ಗೋಡೆಗೆ ಮೂರು ಸಲ ಹೋಗಿ ಬರಬೇಕು. ಪ್ರತಿ ಹುಡುಗನ ಸೊಂಟಕ್ಕೂ ಒಂದು ಹಗ್ಗ. ಅದರ ಇನ್ನೊಂದು ತುದಿ ಮೇಲೆ ಕಟ್ಟೆಯ ಮೇಲೆ ಕೂತ ಅವನ ಅಪ್ಪನ ಕೈಯಲ್ಲಿ. ಪಂದ್ಯ ನಡೆಸುವವರು ರಿಟೈರಾದ ಒಬ್ಬ ಡ್ರಿಲ್ ಮಾಸ್ತರು. ಈ ನಿಯಮವೂ ಅವರದೇ.

"ಹುಡುಗ ನಿಮ್ಮೋನು, ಹಗ್ಗಾನೂ ನೀವೇ ಹಿಡೀರಿ. ಆಮೇಲೆ ನನ್ನ ಕೇಳ್ಬೇಡಿ" ಎನ್ನುತ್ತಾರೆ.

ಅಪ್ಪಂದಿರು ತಪ್ಪದೆ ಬರುತ್ತಾರೆ. ಅವರ ಜೊತೆ ಹೆಂಡದ ಮಡಕೆಯೂ ಬರುತ್ತದೆ. ಹುಣಸೆ ಮರದ ನೆರಳು, ಹುರಿಗಡಲೆ, ಹಸಿಮೆಣಸಿನಕಾಯಿ. (ಪಂದ್ಯ ಮಕ್ಕಳದೋ ಅಪ್ಪಂದಿರದೋ?) ತಾವು ನೆಟ್ಟಗೆ ನಿಲ್ಲಲಾರದವರು ಅಲ್ಲಿಂದಲೇ ಮಕ್ಕಳಿಗೆ ಈಜು ಹೇಳಿಕೊಡುತ್ತಾರೆ. "ಕೈ ಬೀಸೋ ಮಗಾ! ಬೆಳಿಗ್ಗೆ ಮುದ್ದೆ ತಿಂದಿಲ್ವೇನೋ?"

ಹೋದ ವರ್ಷವೇ ಈ ಅಂಕಣದಲ್ಲಿ ಇದರ ಬಗ್ಗೆ ಬರೆದು ಸಾಕಾಗಿತ್ತು. ಏನು ಪ್ರಯೋಜನ? ಕುಡಿಯುವವರು ಓದುವುದಿಲ್ಲ. ಓದುವ ನೀವು ಕುಡಿಯುವುದಿಲ್ಲ. (ಎಂದು ನಂಬಿದ್ದೇನೆ.) ನಾನಂತೂ ಮುಟ್ಟಿದವನಲ್ಲ.

ಈ ಸಲ ನನ್ನ ಮಗ ರಘುವಿಗೆ ಜೋಡಿಯಾಗಿ ಬಂದವನು ಮುನಿಯಪ್ಪನ ಮಗ ಹನುಮ. ಇಬ್ಬರಿಗೂ ಹತ್ತು ವರ್ಷ, ಒಂದೇ ಕ್ಲಾಸು. ಮುನಿಯಪ್ಪ ಸೊಪ್ಪು ಬೆಳೆದು ಯಶವಂತಪುರಕ್ಕೆ ಹಾಕುವವನು. ನಾನು ಅದೇ ಯಶವಂತಪುರದ ಒಂದು ಆಫೀಸಿಗೆ ದಿನಾ ಸೈಕಲ್ ತುಳಿಯುವವನು. ಇಬ್ಬರೂ ಪಕ್ಕಪಕ್ಕದಲ್ಲಿ ಹಗ್ಗ ಹಿಡಿದು ಕೂತಿದ್ದೆವು.

ಎರಡನೇ ಸುತ್ತು. ಮುನಿಯಪ್ಪ ಎದ್ದು ಮಡಕೆಯ ಕಡೆ ಹೋದ. ರಘು ಅರ್ಧ ಮೊಳ ಮುಂದಿದ್ದ. ನಾನು ಎದ್ದು ನಿಂತು ಕೂಗತೊಡಗಿದೆ. ನನ್ನ ಕಾಲ ಬಳಿ ಕಲ್ಲಿನ ಮೇಲೆ ಹನುಮನ ಹಗ್ಗ ಸುರುಳಿಯಾಗಿ ಬಿದ್ದಿತ್ತು. ಒಂದೊಂದೇ ಸುತ್ತು ಬಿಚ್ಚಿಕೊಂಡು ಬಾವಿಗಿಳಿಯುತ್ತಿತ್ತು.

ಅದನ್ನು ನಾನು ನೋಡಿದೆ. ನೋಡಿಯೂ ಏನೂ ಅನ್ನಿಸಲಿಲ್ಲ.

ಹಗ್ಗದ ತುದಿ ನನ್ನ ಚಪ್ಪಲಿ ಸವರಿಕೊಂಡು ಹೋಗಿ ಕಲ್ಲಿನಂಚಿನಿಂದ ಕೆಳಗೆ ಬಿತ್ತು. ಆಗ ನೀರಿನ ಕಡೆ ನೋಡಿದೆ. ಒಂದೇ ತಲೆ ಇತ್ತು. ಇನ್ನೊಂದರ ಜಾಗದಲ್ಲಿ ಗುಳ್ಳೆಗಳು.

ನನಗೆ ಈಜು ಬರುವುದಿಲ್ಲ. ಡ್ರಿಲ್ ಮಾಸ್ತರು ಬಾಯಲ್ಲಿದ್ದ ವಿಸಲ್ ಕೂಡ ತೆಗೆಯದೆ, ಷರಟು ಚಡ್ಡಿಯಲ್ಲೇ ಹಾರಿದರು. ಎಷ್ಟು ಹೊತ್ತಾಯಿತೋ ತಿಳಿಯದು. ಕೈಗಡಿಯಾರ ಕಟ್ಟಿದ್ದವನು ಅದನ್ನು ಮಾತ್ರ ನೋಡಿರಲಿಲ್ಲ. ಕೂದಲು ಹಿಡಿದು ಮೇಲೆತ್ತಿದರು. ಮೆಟ್ಟಿಲ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತಿದರು. ಹನುಮನ ಕಾಲು ನೀರಿನಲ್ಲೇ ಸೆಟೆದುಕೊಂಡಿತ್ತಂತೆ. ನೀರು ಕಾರಿದ, ಆಮೇಲೆ ಕೆಮ್ಮಿದ. ಅದಕ್ಕಿಂತ ಒಳ್ಳೆಯ ಸದ್ದನ್ನು ನಾನು ಈವರೆಗೆ ಕೇಳಿಲ್ಲ.

ಮುನಿಯಪ್ಪ ಓಡಿ ಬಂದ. ಮರದಡಿಯವರೆಲ್ಲ ಕೈಯಲ್ಲಿ ಲೋಟ ಹಿಡಿದುಕೊಂಡೇ ಅವನ ಮೇಲೆ ಬಿದ್ದರು.

"ಕುಡುಕ ನನ್ಮಗನೇ, ಮಗನ್ ಅಗ್ಗ ಬಿಟ್ಬುಟ್ಟು ಬಂದಿದ್ಯಲ್ಲೋ!"

"ಸ್ವಾಮಿಯೋರ್ ಕೈಗ್ ಕೊಟ್ಟು ಬಂದಿದ್ದೆ ಕಣ್ರಪ್ಪೋ!"

"ನೋಡ್ರಪ್ಪಾ! ಬಿ.ಎ. ಓದಿರೋ ಸ್ವಾಮಿಯೋರ್ ಮೇಲೇ ಆಕ್ತಾನೆ!"

ಕೊಟ್ಟಿದ್ದ. ಮೂರೂ ಇಪ್ಪತ್ತಕ್ಕೆ ಮುನಿಯಪ್ಪ ಸುಮ್ಮನೆ ಎದ್ದು ಹೋಗಲಿಲ್ಲ. "ಸ್ವಾಮಿ, ಇದ್ನೂ ಒಸಿ ಇಡ್ಕೊಳಿ, ಒಂದು ಗುಟುಕು ಆಕ್ಕೊಂಡ್ ಬಂದೆ" ಎಂದ. ನಾನು "ಹ್ಞೂಂ" ಎಂದೆ. ಕಣ್ಣು ರಘುವಿನ ಮೇಲಿತ್ತು. ಮುನಿಯಪ್ಪ ಹಗ್ಗದ ತುದಿಯನ್ನು ನನ್ನ ಅಂಗೈಯಲ್ಲೇ ಇಟ್ಟ. ಕೂಗುವ ಭರದಲ್ಲಿ ಅದು ಯಾವಾಗ ಕೈಯಿಂದ ಜಾರಿತೋ ನನಗೆ ಗೊತ್ತಾಗಲಿಲ್ಲ.

ಈ ಮಾತು ಮೇಲೆಯೇ ಬರೆಯಬೇಕಿತ್ತು. ಬರೆಯಲಿಲ್ಲ. ನೀವೂ ಇಷ್ಟು ಹೊತ್ತು ಕುಡುಕನೇ ಹಗ್ಗ ಬಿಟ್ಟನೆಂದು ಓದುತ್ತಾ ಬಂದಿರಿ, ಅಲ್ಲವೇ? ಊರೂ ಹಾಗೆಯೇ ಓದಿತು. ಅವರು ಮುನಿಯಪ್ಪನ ಮೇಲೆ ಬಿದ್ದಾಗ ನಾನು ಬಗ್ಗಿ ರಘುವಿನ ಸೊಂಟದ ಗಂಟು ಬಿಚ್ಚುತ್ತಿದ್ದೆ. ಸುಳ್ಳು ಹೇಳಲಿಲ್ಲ. ನಿಜ ಹೇಳಿ ಎಂದು ಯಾರೂ ನನ್ನನ್ನು ಕೇಳಲೂ ಇಲ್ಲ.

ಅಂದೇ ಸಂಜೆ ಮುನಿಯಪ್ಪನ ಹೆಂಡತಿ ಜಯಮ್ಮ ಹನುಮನನ್ನು ಕರೆದುಕೊಂಡು ನಾಗಸಂದ್ರದ ತವರಿಗೆ ಹೋದಳು. ಹುಡುಗ ಅಲ್ಲಿಂದಲೇ ನಡೆದು ಸ್ಕೂಲಿಗೆ ಬರುತ್ತಿದ್ದ.

ಮೂರು ವಾರ ನನಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಪ್ರತಿ ಸಲವೂ ಬಗ್ಗಿ ಹಿಡಿಯುತ್ತೇನೆ. ಪ್ರತಿ ಸಲವೂ ತುದಿ ಚಪ್ಪಲಿ ಸವರಿಕೊಂಡು ಹೋಗುತ್ತದೆ. "ಏನ್ರೀ, ಮತ್ತೆ ಎದ್ದು ಕೂತ್ರಾ?" ಎನ್ನುತ್ತಾಳೆ ನನ್ನವಳು. ಸೆಖೆ ಎನ್ನುತ್ತೇನೆ. (ಪುಷ್ಯ ಮಾಸದಲ್ಲಿ ಸೆಖೆ!)

ಒಂದು ದಿನ ಊಟಕ್ಕೆ ಕೂತಾಗ ರಘು ಹೇಳಿದ: "ಅಪ್ಪಾ, ಹನುಮ ಇನ್ಮೇಲೆ ಅವರಪ್ಪನ ಹತ್ರ ಹೋಗಲ್ವಂತೆ. 'ನಮ್ಮಪ್ಪ ನನ್ನ ಬಾವೀಲಿ ಬಿಟ್ಬುಟ್ಟ' ಅಂತಾನೆ."

ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ಭಾನುವಾರ ನಾಗಸಂದ್ರಕ್ಕೆ ಸೈಕಲ್ ಹತ್ತಿದೆ. ಜಯಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಹನುಮ ಪಕ್ಕದಲ್ಲಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ.

ಹನುಮ ಕೇಳಿದ: "ಅಂಗಾರೆ ನಮ್ಮಪ್ಪ ಬಿಡ್ಲಿಲ್ವಾ?"

"ಇಲ್ಲಪ್ಪ. ನನ್ನ ಕೈಗೆ ಕೊಟ್ಟಿದ್ದ. ಬಿಟ್ಟೋನು ನಾನು."

ಜಯಮ್ಮ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಆವಯ್ಯ ಮಗನ್ನ ನೀರಲ್ ಬಿಟ್ಟು ಕುಡಿಯಕ್ ಓಗಿದ್ದು ಸುಳ್ಳಾ?"

"ಸುಳ್ಳಲ್ಲಮ್ಮ."

"ಸರಿ. ಆವಯ್ಯ ಎಂಡ ಕುಡ್ದಿದ್ದ. ನೀವೇನ್ ಕುಡ್ದಿದ್ರಿ ಸ್ವಾಮಿ?"

ಸೈಕಲ್ ತಳ್ಳಿಕೊಂಡು ಹೊರಟೆ. ಬರುವಾಗ ದಾರಿಯಲ್ಲಿ ಡ್ರಿಲ್ ಮಾಸ್ತರಿಗೂ, ಆ ಹುಣಸೆ ಮರದ ಗುಂಪಿಗೂ ಅದೇ ಮಾತು ಹೇಳಿದೆ. ಒಬ್ಬ "ಸ್ವಾಮಿಯೋರು ದೊಡ್ಡ ಮನ್ಸು" ಎಂದ. ಅದಂತೂ ಕಪಾಳಕ್ಕೆ ಹೊಡೆದಂತಾಯಿತು. ಅಲ್ಲೇ ಕೂತಿದ್ದ ಮುನಿಯಪ್ಪ ಮಾತ್ರ ಎದ್ದು ಹೋದ.

ಜಯಮ್ಮ ಇನ್ನೂ ತವರಿನಿಂದ ಬಂದಿಲ್ಲ. ಬರಬೇಕೆಂದು ಹೇಳಲು ನಾನು ಯಾರು? ಆದರೆ ಸೋಮವಾರ ಸಂಜೆ ರಘು ಸುದ್ದಿ ತಂದ. ಸ್ಕೂಲ್ ಬಿಟ್ಟ ಮೇಲೆ ಹನುಮ ನೇರ ಅಪ್ಪನ ತೋಟಕ್ಕೆ ಹೋದನಂತೆ, ಸೊಪ್ಪಿನ ಕಟ್ಟು ಕಟ್ಟುತ್ತಾ ಕೂತಿದ್ದನಂತೆ.

ಆ ಸೋಮವಾರ ರಾತ್ರಿ ಬೆಳಗಾಗುವವರೆಗೆ ಮಲಗಿದೆ.

ನಾನು ಏನು ಕುಡಿದಿದ್ದೆ?